ಮನೆಯ ವೈಫೈ ಪಾಸ್‌ವರ್ಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಬಂದ ತಂತ್ರಜ್ಞಾನದ ಪ್ರಶ್ನೆಗಳಲ್ಲಿ ಹೆಚ್ಚಿನವು ಮನೆಯ ವೈಫೈ ಪಾಸ್‌ವರ್ಡ್ ಬದಲಿಸುವುದರ ಬಗ್ಗೆಯೇ ಇದ್ದುದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ. ಸ್ಥಳಾವಕಾಶಕ್ಕಾಗಿ ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದ ಹುಡುಗರಿಗೆ ವಿಶ್ವಾಸದ ಮೇಲೆ ವೈಫೈ ಕೊಟ್ಟಿದ್ದೆವು. ಅವರು ಮನೆ ಖಾಲಿ ಮಾಡಿ ಪಕ್ಕದ ಕಟ್ಟಡಕ್ಕೇ ಹೋಗಿದ್ದಾರೆ. ಅವರು ಹೋದ ಮೇಲೆ ನನ್ನ ತಮ್ಮ ರೌಟರ್‌ನ ಪಾಸ್‌ವರ್ಡ್ ಬದಲಿಸಿದ್ದಾನೆ. ಆದರೂ ಅವರ ಫೋನುಗಳು ನಮ್ಮ ವೈಫೈಯಲ್ಲಿಯೇ ಇವೆ. ಎಲ್ಲಿ ತಪ್ಪಾಗಿರಬಹುದು? — ಓದುಗರು, ಮೈಸೂರು

ಉತ್ತರ: ನಿಮ್ಮ ತಮ್ಮ ಬದಲಿಸಿದ್ದು ಬೇರೆಯ ಪಾಸ್‌ವರ್ಡ್ ಇರಬೇಕು. ಫೈಬರ್ ಸಂಪರ್ಕವಿರುವ ಒಂದು ಮನೆಯಲ್ಲಿ ಸಾಮಾನ್ಯವಾಗಿ ಎರಡು, ಎಷ್ಟೋ ಕಡೆ ಮೂರು ಪಾಸ್‌ವರ್ಡ್‌ಗಳಿರುತ್ತವೆ. ಎಲ್ಲವನ್ನೂ ಜನ ‘ರೌಟರ್ ಪಾಸ್‌ವರ್ಡ್’ ಎಂದೇ ಕರೆಯುವುದರಿಂದ ಈ ಗೊಂದಲ ತೀರಾ ಸಹಜ. ಫೋನು, ಟೀವಿ, ಲ್ಯಾಪ್‌ಟಾಪ್‌ಗಳು ವೈಫೈಗೆ ಸೇರುವಾಗ ಕೇಳುವುದು ಒಂದು. ರೌಟರ್‌ನ ಸೆಟ್ಟಿಂಗ್ಸ್ ಪುಟದೊಳಗೆ ಹೋಗಲು ಬೇಕಾದ ಅಡ್ಮಿನ್ ಪಾಸ್‌ವರ್ಡ್ ಇನ್ನೊಂದು. ಬಿಎಸ್‌ಎನ್‌ಎಲ್‌ನ ಫೈಬರ್ ಮತ್ತು ಊರಿನ ಕೇಬಲ್‌ನವರು ಕೊಡುವ ಅನೇಕ ಸಂಪರ್ಕಗಳಲ್ಲಿ, ನಿಮ್ಮ ಮನೆಯ ಪೆಟ್ಟಿಗೆಯು ಕಂಪನಿಯ ಜಾಲಕ್ಕೆ ತನ್ನನ್ನು ಪರಿಚಯಿಸಿಕೊಳ್ಳಲು ಬಳಸುವ ಪಿಪಿಪಿಒಇ ಯೂಸರ್‌ನೇಮ್ ಮತ್ತು ಅದರ ಪಾಸ್‌ವರ್ಡ್ ಮೂರನೆಯದು. ಈ ಮೂರನೆಯದನ್ನು ಮುಟ್ಟಿದರೆ ಇಂಟರ್ನೆಟ್ಟೇ ನಿಂತುಹೋಗುತ್ತದೆ. ನಿಮ್ಮಲ್ಲಿ ಇಂಟರ್ನೆಟ್ ನಡೆಯುತ್ತಿದೆ, ಹಳೆಯ ಬಾಡಿಗೆದಾರರ ಫೋನುಗಳೂ ಸೇರುತ್ತಿವೆ ಎಂದರೆ ಬದಲಾಗಿರುವುದು ಅಡ್ಮಿನ್ ಪಾಸ್‌ವರ್ಡ್ ಒಂದೇ ಎಂದು ಊಹಿಸಬಹುದು. ಅದನ್ನು ಬದಲಿಸಿದ್ದು ವ್ಯರ್ಥವಾಗಲಿಲ್ಲ, ಅದನ್ನೂ ಬದಲಿಸಲೇಬೇಕಿತ್ತು. ಆದರೆ ಅದರಿಂದ ಬೀರುವಿನ ಬೀಗ ಬದಲಾಯಿತೇ ಹೊರತು ಗೇಟಿನದು ಬದಲಾಗಲಿಲ್ಲ.

ವೈಫೈ ಪಾಸ್‌ವರ್ಡ್ ನಿಜವಾಗಿಯೂ ಬದಲಾಯಿತೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಹೊಸ ಪಾಸ್‌ವರ್ಡ್ ಉಳಿಸಿದ ಕ್ಷಣವೇ ಮನೆಯ ಎಲ್ಲ ಸಾಧನಗಳೂ, ನಿಮ್ಮ ಕೈಯಲ್ಲಿರುವ ಫೋನೂ ಸೇರಿದಂತೆ, ವೈಫೈಯಿಂದ ಕಳಚಿಕೊಳ್ಳಬೇಕು. ಯಾವುದೂ ಕಳಚಿಕೊಳ್ಳದೆ ಎಲ್ಲವೂ ಮೊದಲಿನಂತೆ ನಡೆಯುತ್ತಿದ್ದರೆ ನೀವು ಬದಲಿಸಿದ್ದು ವೈಫೈಯನ್ನಲ್ಲ.

ಈಗ ಬದಲಿಸುವ ಕ್ರಮ. ಜಿಯೋ ಅಥವಾ ಏರ್‌ಟೆಲ್ ಸಂಪರ್ಕವಾಗಿದ್ದರೆ ಮೈಜಿಯೋ, ಏರ್‌ಟೆಲ್ ಥ್ಯಾಂಕ್ಸ್ ಆ್ಯಪ್‌ಗಳಲ್ಲಿಯೇ ವೈಫೈಯ ಹೆಸರನ್ನೂ ಪಾಸ್‌ವರ್ಡನ್ನೂ ಬದಲಿಸುವ ಸೌಲಭ್ಯವಿದೆ. ಹೆಚ್ಚಿನ ಮನೆಗಳಿಗೆ ಅಷ್ಟು ಸಾಕು. ಬೇರೆ ಸಂಪರ್ಕವಾದರೆ ರೌಟರ್‌ನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಬೇಕು. ಪೆಟ್ಟಿಗೆಯ ತಳಭಾಗದ ಚೀಟಿಯಲ್ಲಿ ಅದರ ವಿಳಾಸ ಸಾಮಾನ್ಯವಾಗಿ ಮುದ್ರಿತವಾಗಿರುತ್ತದೆ: 192.168.1.1 ಅಥವಾ 192.168.0.1 ಎಂಬುದು ರೂಢಿ, ಜಿಯೋ ಪೆಟ್ಟಿಗೆಗಳಲ್ಲಿ 192.168.29.1. ಚೀಟಿ ಅಳಿಸಿಹೋಗಿದ್ದರೆ ಫೋನಿನ ವೈಫೈ ಸೆಟ್ಟಿಂಗ್ಸ್‌ನಲ್ಲಿ ಈಗ ಸೇರಿರುವ ಜಾಲದ ವಿವರ ತೆರೆಯಿರಿ. ಆಂಡ್ರಾಯ್ಡ್‌ನಲ್ಲಿ ‘ಗೇಟ್‌ವೇ’ ಎಂದೂ ಐಫೋನಿನಲ್ಲಿ ‘ರೌಟರ್’ ಎಂದೂ ತೋರಿಸುವ ಸಂಖ್ಯೆಯೇ ನಿಮಗೆ ಬೇಕಾದ ವಿಳಾಸ. ಅದನ್ನು ಗೂಗಲ್‌ನ ಹುಡುಕಾಟದ ಚೌಕದಲ್ಲಿ ಬರೆಯದೆ, ಬ್ರೌಸರ್‌ನ ಮೇಲ್ತುದಿಯ ವಿಳಾಸಪಟ್ಟಿಯಲ್ಲಿಯೇ ಬರೆಯಬೇಕು. ಮೊಬೈಲ್ ಡೇಟಾವನ್ನು ಆ ಹೊತ್ತಿಗೆ ಆರಿಸಿಡುವುದು ಒಳ್ಳೆಯದು, ಏಕೆಂದರೆ ವೈಫೈಯಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡರೆ ಕೆಲವು ಫೋನುಗಳು ತಾವಾಗಿಯೇ ಮೊಬೈಲ್ ಡೇಟಾಕ್ಕೆ ಹೊರಳಿ, ಪುಟ ತೆರೆಯುವುದಿಲ್ಲ ಎಂದುಬಿಡುತ್ತವೆ. ‘ಈ ಪುಟ ಸುರಕ್ಷಿತವಲ್ಲ’ ಎಂದು ಬ್ರೌಸರ್ ಎಚ್ಚರಿಸಿದರೆ ಗಾಬರಿ ಬೇಡ. ನಿಮ್ಮದೇ ಮನೆಯ ಪೆಟ್ಟಿಗೆಯ ಪುಟಕ್ಕೆ ಆ ಮಾತು ಬರುವುದು ಸಾಮಾನ್ಯ. ಬ್ಯಾಂಕಿನ ಪುಟಕ್ಕೆ ಅದೇ ಎಚ್ಚರಿಕೆ ಬಂದರೆ ಮಾತ್ರ ಅಲ್ಲಿಂದ ಹಿಂದೆ ಸರಿಯಬೇಕು.

ಒಳಗೆ ಹೋದ ಮೇಲೆ ವೈರ್‌ಲೆಸ್, ಡಬ್ಲ್ಯುಲ್ಯಾನ್ ಅಥವಾ ವೈಫೈ ಎಂಬ ವಿಭಾಗದಲ್ಲಿ ಸೆಕ್ಯುರಿಟಿ ಎಂಬುದನ್ನು ಹುಡುಕಿ. ನಮಗೆ ಬೇಕಾದ ಚೌಕಕ್ಕೆ ಕೆಲವು ಕಂಪನಿಗಳು ಪಾಸ್‌ವರ್ಡ್ ಎನ್ನುತ್ತವೆ, ಕೆಲವು ಪಾಸ್‌ಫ್ರೇಸ್, ಕೆಲವು ಪ್ರೀ-ಶೇರ್ಡ್ ಕೀ. ನಿಮ್ಮಂಥವರು ಎಡವುವ ಎರಡನೆಯ ಜಾಗ ಇಲ್ಲಿದೆ. ಈಗಿನ ಹೆಚ್ಚಿನ ರೌಟರ್‌ಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ, ಮತ್ತು ಅನೇಕ ಮಾದರಿಗಳಲ್ಲಿ ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇರುತ್ತದೆ. ಒಂದನ್ನು ಮಾತ್ರ ಬದಲಿಸಿದರೆ ಇನ್ನೊಂದು ಹಳೆಯದರಲ್ಲಿಯೇ ಮುಂದುವರಿಯುತ್ತದೆ. ಗೋಡೆಗಳನ್ನು ದಾಟಿ ಪಕ್ಕದ ಕಟ್ಟಡದವರೆಗೆ ತಲುಪುವುದು 2.4 ಗಿಗಾಹರ್ಟ್ಸ್‌ನದೇ ಆದ್ದರಿಂದ ನಿಮ್ಮ ಸಂದರ್ಭದಲ್ಲಿ ಅದೇ ಮುಖ್ಯ. ಸಾಧ್ಯವಿದ್ದರೆ ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೌಟರ್‌ಗೆ ಜೋಡಿಸಿಕೊಂಡು ಈ ಕೆಲಸ ಮಾಡಿ. ಆಗ ಒಂದನ್ನು ಉಳಿಸುತ್ತಲೇ ಸಂಪರ್ಕ ಕಡಿದು ಇನ್ನೊಂದು ಬಾಕಿ ಉಳಿಯುವ ತೊಡಕಿರುವುದಿಲ್ಲ.

ಮೂರನೆಯ ಜಾಗವನ್ನೂ ಹೇಳಿಬಿಡುತ್ತೇವೆ. ಫೈಬರ್ ಬಂದು ಸೇರುವ ಕಂಪನಿಯ ಪೆಟ್ಟಿಗೆಯೊಂದು, ನೀವೇ ಅಂಗಡಿಯಿಂದ ತಂದ ರೌಟರ್ ಇನ್ನೊಂದು, ಹೀಗೆ ಎರಡಿರುವ ಮನೆಗಳು ನಮ್ಮಲ್ಲಿ ಬಹಳ. ಕಂಪನಿಯ ಪೆಟ್ಟಿಗೆಯೂ ತನ್ನದೇ ವೈಫೈಯನ್ನು ಬಿತ್ತರಿಸುತ್ತಿದ್ದು, ಅದನ್ನು ಮನೆಯವರೆಲ್ಲ ಮರೆತಿರುತ್ತಾರೆ. ಹೊಸ ರೌಟರ್ ತರುವ ಮೊದಲು ನಿಮ್ಮ ಹುಡುಗರು ಬಳಸುತ್ತಿದ್ದುದು ಅದನ್ನೇ ಆಗಿದ್ದರೆ, ಈಗಲೂ ಅದರಲ್ಲಿಯೇ ಇದ್ದಾರು. ಬೇಡವಾದ ಆ ವೈಫೈಯನ್ನು ಆರಿಸಿಬಿಡಿ.

ಕೊನೆಯದಾಗಿ, ಎಲ್ಲವನ್ನೂ ಬದಲಿಸಿದ ಮೇಲೂ ರೌಟರ್‌ನ ಪಟ್ಟಿಯಲ್ಲಿ ಅವರ ಫೋನಿನ ಹೆಸರು ಕೆಲವು ಗಂಟೆ ಕಾಣಿಸಬಹುದು. ಆ ಪಟ್ಟಿ ಎಷ್ಟೋ ರೌಟರ್‌ಗಳಲ್ಲಿ ಹಿಂದೆ ಕೊಟ್ಟ ವಿಳಾಸಗಳ ದಾಖಲೆಯಾಗಿದ್ದು, ಅವುಗಳ ಅವಧಿ, ಸಾಮಾನ್ಯವಾಗಿ 24 ಗಂಟೆ, ಮುಗಿಯುವವರೆಗೆ ಹಾಗೆಯೇ ಇರುತ್ತದೆ. ಅದನ್ನು ನೋಡಿ ಮತ್ತೆ ಜಗಳಕ್ಕೆ ಹೋಗಬೇಡಿ.

ಪ್ರಶ್ನೆ: ಸಂಪರ್ಕ ಕೊಡಲು ಬಂದ ಹುಡುಗ ನನ್ನ ಮೊಬೈಲ್ ನಂಬರನ್ನೇ ವೈಫೈ ಪಾಸ್‌ವರ್ಡ್ ಮಾಡಿ ಹೋಗಿದ್ದಾನೆ. ಮನೆಯವರಿಗೆಲ್ಲ ನೆನಪಿರುವುದರಿಂದ ಅನುಕೂಲವೇ ಆಗಿದೆ. ಹತ್ತು ಅಂಕಿಗಳಿವೆಯಲ್ಲ, ಸಾಲದೇ? — ಓದುಗರು, ಹುಬ್ಬಳ್ಳಿ

ಉತ್ತರ: ಸಾಲದು. ನಿಮ್ಮ ನಂಬರು ಹಾಲಿನವರಿಂದ ಹಿಡಿದು ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನವರೆಗೆ ಎಲ್ಲರ ಬಳಿಯೂ ಇದೆ ಎಂಬುದು ಮೊದಲ ಕಾರಣ. ಇಷ್ಟೇ ಆಗಿದ್ದರೆ ಯಾರಿಗೂ ಕೊಡದ ಹಳೆಯ ನಂಬರೊಂದನ್ನು ಇಟ್ಟುಕೊಳ್ಳಿ ಎನ್ನಬಹುದಿತ್ತು, ಆದರೆ ಎರಡನೆಯ ಕಾರಣ ಇನ್ನೂ ಗಟ್ಟಿಯಾದದ್ದು.

ಈಗ ಹೆಚ್ಚಿನ ಮನೆಗಳಲ್ಲಿರುವುದು 2004ರಲ್ಲಿ ಬಂದ ಡಬ್ಲ್ಯುಪಿಎ2 ಎಂಬ ರಕ್ಷಣಾ ವಿಧಾನ. ಇದರಲ್ಲಿ ನಿಮ್ಮ ಫೋನು ರೌಟರ್‌ಗೆ ಸೇರುವಾಗ ಎರಡರ ನಡುವೆ ಗಾಳಿಯಲ್ಲಿ ನಡೆಯುವ ಆರಂಭದ ಸಂಭಾಷಣೆಯನ್ನು ಹತ್ತಿರದಲ್ಲಿರುವ ಯಾರಾದರೂ ಲ್ಯಾಪ್‌ಟಾಪಿನಲ್ಲಿ ಹಿಡಿದಿಟ್ಟುಕೊಳ್ಳಬಹುದು. ಅದರಲ್ಲಿ ಪಾಸ್‌ವರ್ಡ್ ನೇರವಾಗಿ ಇರುವುದಿಲ್ಲ, ನಿಜ. ಆದರೆ ಆ ತುಣುಕನ್ನು ಮನೆಗೆ ಕೊಂಡೊಯ್ದು, ರೌಟರ್‌ನ ಹಂಗೇ ಇಲ್ಲದೆ, ಒಂದಾದ ಮೇಲೊಂದು ಪಾಸ್‌ವರ್ಡನ್ನು ಊಹಿಸಿ ಅದಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಲು ಸಾಧ್ಯ. ಇಂತಿಷ್ಟು ಸಲ ತಪ್ಪಿದರೆ ಬೀಗ ಬೀಳುತ್ತದೆ ಎಂಬ ಕಟ್ಟುಪಾಡು ಅಲ್ಲಿ ನಡೆಯುವುದಿಲ್ಲ. ಗೇಮಿಂಗ್‌ಗೆ ಬಳಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಲಕ್ಷಗಟ್ಟಲೆ ಊಹೆಗಳನ್ನು ಪರೀಕ್ಷಿಸಬಲ್ಲದು. ಲೆಕ್ಕಕ್ಕೆ 5 ಲಕ್ಷ ಎಂದು ಹಿಡಿಯೋಣ. ನಮ್ಮ ಮೊಬೈಲ್ ನಂಬರುಗಳು 6, 7, 8, 9ರಿಂದ ಮಾತ್ರ ಆರಂಭವಾಗುವುದರಿಂದ ಇರಬಹುದಾದ ನಂಬರುಗಳು ಒಟ್ಟು 400 ಕೋಟಿ. ಅಷ್ಟನ್ನೂ ಪರೀಕ್ಷಿಸಲು 8,000 ಸೆಕೆಂಡು, ಅಂದರೆ ಎರಡೂಕಾಲು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಹುಟ್ಟಿದ ದಿನಾಂಕದಂಥ ಎಂಟು ಅಂಕಿಯ ಪಾಸ್‌ವರ್ಡ್ ಆದರೆ, ಎಂಟು ಅಂಕಿಗಳ ಎಲ್ಲ ಜೋಡಣೆಗಳಿಗೂ ಸೇರಿ 200 ಸೆಕೆಂಡು ಸಾಕು. ಅದೇ ಯಂತ್ರಕ್ಕೆ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಯಾವ ಅರ್ಥವೂ ಇಲ್ಲದಂತೆ ಹನ್ನೆರಡು ಜೋಡಿಸಿ ಕೊಟ್ಟರೆ, ಎಲ್ಲ ಸಾಧ್ಯತೆಗಳನ್ನು ಮುಗಿಸಲು ಸುಮಾರು 6,000 ವರ್ಷ ಬೇಕು. ದೊಡ್ಡಕ್ಷರ, ವಿಶೇಷ ಚಿಹ್ನೆ ಎಂದು ಒದ್ದಾಡುವುದಕ್ಕಿಂತ ಉದ್ದವನ್ನು ಹೆಚ್ಚಿಸುವುದು ಲಾಭದಾಯಕ ಎಂದು ನಾವು ಹೇಳುವುದು ಈ ಲೆಕ್ಕದಿಂದ. ನಿಯಮದ ಪ್ರಕಾರ 8ರಿಂದ 63 ಅಕ್ಷರಗಳವರೆಗೆ ಅವಕಾಶವಿದೆ.

2018ರಲ್ಲಿ ಬಂದ ಡಬ್ಲ್ಯುಪಿಎ3 ವಿಧಾನದಲ್ಲಿ ಹೀಗೆ ಹಿಡಿದಿಟ್ಟುಕೊಂಡು ಮನೆಯಲ್ಲಿ ಕುಳಿತು ಊಹಿಸುವ ದಾರಿಯನ್ನು ಮುಚ್ಚಲಾಗಿದೆ. ನಿಮ್ಮ ರೌಟರ್‌ನಲ್ಲಿ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡನ್ನೂ ಒಟ್ಟಿಗೆ ಒಪ್ಪುವ ಆಯ್ಕೆಯಿದ್ದರೆ ಅದನ್ನು ಇಟ್ಟುಕೊಳ್ಳಬಹುದು. ಆದರೆ ಡಬ್ಲ್ಯುಪಿಎ2 ಚಾಲ್ತಿಯಲ್ಲಿರುವವರೆಗೆ ಮೇಲಿನ ಲೆಕ್ಕವೂ ಚಾಲ್ತಿಯಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ಡಬ್ಲ್ಯುಇಪಿ ಎಂಬ ಹೆಸರು ಕಂಡರೆ ಅದು 1997ರ ಕಾಲದ್ದು. ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ ಅದರಿಂದ ರಕ್ಷಣೆಯಿಲ್ಲ.

ಅದೇ ಪುಟದಲ್ಲಿರುವಾಗ ಡಬ್ಲ್ಯುಪಿಎಸ್ ಎಂಬುದನ್ನು ಆರಿಸಿಬಿಡಿ. ಪಾಸ್‌ವರ್ಡ್ ಬರೆಯುವ ಶ್ರಮ ತಪ್ಪಿಸಲು ಎಂಟು ಅಂಕಿಯ ಪಿನ್ ಕೊಡುವ ಸೌಲಭ್ಯ ಅದು. ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕಹಾಕಿ ಪಡೆದದ್ದಾಗಿರುವುದರಿಂದಲೂ, ರೌಟರ್ ಆ ಪಿನ್ನನ್ನು ನಾಲ್ಕು ನಾಲ್ಕು ಅಂಕಿಗಳ ಎರಡು ಭಾಗಗಳಾಗಿ ಪರಿಶೀಲಿಸುವುದರಿಂದಲೂ, ಹತ್ತು ಕೋಟಿ ಇರಬೇಕಾಗಿದ್ದ ಸಾಧ್ಯತೆಗಳು 11,000ಕ್ಕೆ ಇಳಿಯುತ್ತವೆ ಎಂಬುದು 2011ರ ಕೊನೆಯಲ್ಲಿಯೇ ಬಯಲಾಗಿದೆ. ಪಿನ್ ಸಿಕ್ಕವರಿಗೆ ರೌಟರ್ ತಾನಾಗಿಯೇ ನಿಮ್ಮ ಉದ್ದನೆಯ ಪಾಸ್‌ವರ್ಡನ್ನು ಕೊಟ್ಟುಬಿಡುತ್ತದೆ.

ಪ್ರಶ್ನೆ: ಪಾಸ್‌ವರ್ಡನ್ನು ಕನ್ನಡದಲ್ಲಿಯೇ ಇಡಬಹುದೇ? — ಓದುಗರು, ಶಿರಸಿ

ಉತ್ತರ: ಕನ್ನಡ ಲಿಪಿಯಲ್ಲಿ ಸಾಧ್ಯವಿಲ್ಲ. ವೈಫೈ ಪಾಸ್‌ವರ್ಡ್‌ಗೆ ನಿಯಮವು ಒಪ್ಪುವುದು ಇಂಗ್ಲಿಷ್ ಕೀಲಿಮಣೆಯ ಅಕ್ಷರ, ಅಂಕಿ, ಚಿಹ್ನೆಗಳನ್ನು ಮಾತ್ರ. ವೈಫೈಯ ಹೆಸರನ್ನು ಮಾತ್ರ ಕೆಲವು ರೌಟರ್‌ಗಳು ಕನ್ನಡದಲ್ಲಿ ಇಡಲು ಬಿಡುತ್ತವೆ. ಹೆಸರಿಗೆ 32 ಬೈಟ್‌ಗಳ ಮಿತಿಯಿದ್ದು, ಕನ್ನಡದ ಪ್ರತಿಯೊಂದು ಅಕ್ಷರವೂ ಪ್ರತಿಯೊಂದು ಸ್ವರಚಿಹ್ನೆಯೂ ಮೂರು ಬೈಟ್ ತಿನ್ನುವುದರಿಂದ, ಎಲ್ಲ ಸೇರಿ ಹತ್ತರೊಳಗೆ ಮುಗಿಸಬೇಕು. ‘ಮನೆ’ ಎಂಬ ಪದವೇ ಮೂರು ಸ್ಥಾನ ಹಿಡಿಯುತ್ತದೆ.

ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದಾದರೆ ಅದು ಒಳ್ಳೆಯ ಉಪಾಯವೇ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು, ಉದಾಹರಣೆಗೆ ಕೊಡಪಾನ, ಮಿಡತೆ, ಜಾಗಟೆ, ಉಪ್ಪಿನಕಾಯಿ ಎಂಬಂಥವನ್ನು, ಒಟ್ಟಿಗೆ ಸೇರಿಸಿದರೆ ಉದ್ದವೂ ಆಗುತ್ತದೆ, ನೆನಪಿನಲ್ಲಿಯೂ ಉಳಿಯುತ್ತದೆ. (ಇಲ್ಲಿ ಅಚ್ಚಾಗಿರುವುದನ್ನು ಬಳಸಬೇಡಿ ಎಂದು ಬೇರೆ ಹೇಳಬೇಕಿಲ್ಲವಷ್ಟೆ.) ಗಾದೆ, ವಚನದ ಸಾಲು, ದೇವರ ಹೆಸರು ಬೇಡ, ಅವು ಎಲ್ಲರಿಗೂ ಹೊಳೆಯುವಂಥವು. ಒಂದು ತೊಂದರೆಯೆಂದರೆ ‘ತ’ ಅಕ್ಷರಕ್ಕೆ ಅಪ್ಪ ಟಿ ಒಂದನ್ನೇ ಬರೆದರೆ ಮಗಳು ಅದರ ಜೊತೆಗೆ ಎಚ್ ಸೇರಿಸುತ್ತಾಳೆ, ದೀರ್ಘಕ್ಕೆ ಒಬ್ಬರು ಎರಡು ಎ ಹಾಕಿದರೆ ಇನ್ನೊಬ್ಬರು ಒಂದನ್ನೇ ಹಾಕುತ್ತಾರೆ. ಆದ್ದರಿಂದ ಕಾಗುಣಿತವನ್ನು ಒಂದು ಕಾಗದದಲ್ಲಿ ಬರೆದು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ. ಬರೆದಿಡಬಾರದು ಎಂಬ ಹಳೆಯ ಉಪದೇಶ ಕಚೇರಿಯ ಮೇಜಿಗೆ ಸರಿ. ಮನೆಯ ವೈಫೈಗೆ ಹೆದರಬೇಕಾದದ್ದು ಹೊರಗಿನವರಿಗೆ, ಬೀರು ತೆರೆಯುವ ಮನೆಯವರಿಗಲ್ಲ.

ಪ್ರಶ್ನೆ: ಪಾಸ್‌ವರ್ಡ್ ಬದಲಿಸಿದ ಮೇಲೆ ಫೋನುಗಳೆಲ್ಲ ಸರಿಯಾದವು. ಆದರೆ ಗೇಟಿನ ಕ್ಯಾಮೆರಾ ಸೇರುತ್ತಲೇ ಇಲ್ಲ, ಹಳೆಯ ಪ್ರಿಂಟರ್ ಕೂಡ ಹಾಗೆಯೇ. ಚಾವಣಿಯ ಸೋಲಾರ್ ಎಷ್ಟು ಯುನಿಟ್ ಉತ್ಪಾದಿಸಿತು ಎಂದು ಆ್ಯಪ್‌ನಲ್ಲಿ ಬರುವುದೂ ನಿಂತಿದೆ. — ಓದುಗರು, ತುಮಕೂರು

ಉತ್ತರ: ಸೋಲಾರ್ ಬಗ್ಗೆ ಮೊದಲು ಧೈರ್ಯ ಹೇಳುತ್ತೇವೆ: ಉತ್ಪಾದನೆ ನಿಂತಿಲ್ಲ, ಅದರ ವರದಿ ಮಾತ್ರ ನಿಂತಿದೆ. ಇನ್‌ವರ್ಟರ್‌ಗೆ ಸಿಕ್ಕಿಸಿರುವ ಸಣ್ಣ ವೈಫೈ ಕಡ್ಡಿಗೆ ಅದರ ಆ್ಯಪ್ ಮೂಲಕ ಹೊಸ ಪಾಸ್‌ವರ್ಡ್ ತಿಳಿಸಿದರೆ ವರದಿ ಮತ್ತೆ ಆರಂಭವಾಗುತ್ತದೆ.

ಕ್ಯಾಮೆರಾಕ್ಕೆ ಪರದೆಯಾಗಲಿ ಕೀಲಿಮಣೆಯಾಗಲಿ ಇಲ್ಲದಿರುವುದರಿಂದ ಅದಕ್ಕೆ ನೇರವಾಗಿ ಪಾಸ್‌ವರ್ಡ್ ಬರೆಯಲಾಗದು. ಅದರ ಗುಂಡಿಯನ್ನು ಒತ್ತಿಹಿಡಿದು ಹೊಸದಾಗಿ ಜೋಡಿಸುವ ಸ್ಥಿತಿಗೆ ತಂದು, ಮೊದಲ ದಿನ ಮಾಡಿದ್ದನ್ನೇ ಮತ್ತೆ ಮಾಡಬೇಕು. ಇಂಥ ಸಾಧನಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ನಿಮ್ಮ ರೌಟರ್‌ನ ಎರಡು ಪಟ್ಟಿಗಳಿಗೂ ಒಂದೇ ಹೆಸರಿದ್ದು, ಫೋನು 5ರಲ್ಲಿದ್ದರೆ ಜೋಡಣೆ ಹಲವು ಬಾರಿ ಅರ್ಧಕ್ಕೇ ನಿಲ್ಲುತ್ತದೆ. ಹತ್ತು ನಿಮಿಷ 5 ಗಿಗಾಹರ್ಟ್ಸನ್ನು ಆರಿಸಿ, ಕ್ಯಾಮೆರಾ ಸೇರಿದ ಮೇಲೆ ಮತ್ತೆ ಹಚ್ಚಿ. ಪ್ರಿಂಟರ್ ಸೇರದಿರುವುದಕ್ಕೆ ಬೇರೆ ಕಾರಣವಿರಬಹುದು: ಪಾಸ್‌ವರ್ಡ್ ಬದಲಿಸುವ ಉತ್ಸಾಹದಲ್ಲಿ ರಕ್ಷಣಾ ವಿಧಾನವನ್ನೂ ಡಬ್ಲ್ಯುಪಿಎ3ಕ್ಕೆ ಮಾತ್ರ ಸೀಮಿತಗೊಳಿಸಿದ್ದರೆ ಹಳೆಯ ಸಾಧನಗಳಿಗೆ ಅದು ಅರ್ಥವಾಗದು. ಎರಡೂ ಬೆರೆತ ಆಯ್ಕೆಗೆ ಬನ್ನಿ.

ಮಹಡಿಗೆ ಸಿಗ್ನಲ್ ತಲುಪಿಸಲು ಎಕ್ಸ್‌ಟೆಂಡರ್ ಹಾಕಿದ್ದರೆ ಅದಕ್ಕೂ ಹೊಸ ಪಾಸ್‌ವರ್ಡ್ ಕೊಡಬೇಕು. ಅದು ಬೇರೆ ಹೆಸರಿನಲ್ಲಿ ಬಿತ್ತರಿಸುತ್ತಿದ್ದರೆ ಅದರ ಸ್ವಂತ ಪಾಸ್‌ವರ್ಡ್ ಹಳೆಯದಾಗಿಯೇ ಉಳಿದಿರುತ್ತದೆ, ಅದನ್ನೂ ಬದಲಿಸಿ.

ಪ್ರಶ್ನೆ: ನಮ್ಮದು ತೋಟದ ಮನೆ. ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ರೌಟರ್ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡಿದರೆ ಸರಿಹೋಗುತ್ತದೆ ಎಂದು ಅಳಿಯ ಹೇಳುತ್ತಾನೆ. ಮಾಡಬಹುದೇ? — ಓದುಗರು, ಪುತ್ತೂರು

ಉತ್ತರ: ಸದ್ಯಕ್ಕೆ ಅಳಿಯನವರ ಕೈಯಿಂದ ಪಿನ್ನು ತೆಗೆದುಕೊಳ್ಳಿ. ಆ ಗುಂಡಿಯನ್ನು ಹತ್ತು ಸೆಕೆಂಡಿನಷ್ಟು ಒತ್ತಿಹಿಡಿದರೆ ಪೆಟ್ಟಿಗೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ, ಚೀಟಿಯಲ್ಲಿ ಮುದ್ರಿಸಿದ ಪಾಸ್‌ವರ್ಡ್‌ಗಳು ಮತ್ತೆ ಜೀವ ಪಡೆಯುತ್ತವೆ. ಆದರೆ ಮೊದಲ ಉತ್ತರದಲ್ಲಿ ಹೇಳಿದ ಪಿಪಿಪಿಒಇ ಯೂಸರ್‌ನೇಮ್, ಅದರ ಪಾಸ್‌ವರ್ಡ್ ಮತ್ತು ಕಂಪನಿಯವರು ತುಂಬಿದ ಇತರ ವಿವರಗಳೂ ಅಳಿಸಿಹೋಗುತ್ತವೆ. ವೈಫೈ ಸಿಗುತ್ತದೆ, ಇಂಟರ್ನೆಟ್ ಇರುವುದಿಲ್ಲ. ಅವರ ಕಡೆಯವರು ತೋಟದವರೆಗೆ ಬರುವ ತನಕ ಕಾಯಬೇಕಾಗುತ್ತದೆ. ಮೊದಲು ಚೀಟಿಯಲ್ಲಿರುವ ಅಡ್ಮಿನ್ ಹೆಸರು, ಪಾಸ್‌ವರ್ಡ್ ಪ್ರಯತ್ನಿಸಿ. ಆಗದಿದ್ದರೆ ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿ. ಅನೇಕ ಕಂಪನಿಗಳು ತಮ್ಮ ಪೆಟ್ಟಿಗೆಯ ವೈಫೈ ಪಾಸ್‌ವರ್ಡನ್ನು ದೂರದಿಂದಲೇ ಬದಲಿಸಬಲ್ಲವು. ರೀಸೆಟ್ ಮಾಡಲೇಬೇಕಾದರೆ ಪಿಪಿಪಿಒಇ ವಿವರಗಳನ್ನು ಅವರಿಂದ ಪಡೆದು ಬರೆದಿಟ್ಟುಕೊಂಡ ನಂತರವೇ ಮಾಡಿ. ಬರಿದೇ ಸ್ವಿಚ್ ಆರಿಸಿ ಹಚ್ಚುವುದು ರೀಸ್ಟಾರ್ಟ್, ಅದರಿಂದ ಯಾವ ಪಾಸ್‌ವರ್ಡೂ ಬದಲಾಗದು. ಕರೆಂಟು ಹೋದರೂ ಅಷ್ಟೇ.

ಪ್ರಶ್ನೆ: ಪಕ್ಕದ ಮನೆಯವರಿಗೆ ವೈಫೈ ಕೊಟ್ಟರೆ ಹೆಚ್ಚೆಂದರೆ ವೇಗ ಕಡಿಮೆಯಾದೀತು. ಇದಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ? ಕೊಡಲೇಬೇಕಾದಾಗ ಏನು ಮಾಡುವುದು? — ಓದುಗರು, ಡೊಂಬಿವಲಿ

ಉತ್ತರ: ನಿಮ್ಮ ಊರಿನ ಆಸುಪಾಸಿನ ಘಟನೆಯನ್ನೇ ನೆನಪಿಸುತ್ತೇವೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ನಡೆಯುವ ಸ್ವಲ್ಪ ಮೊದಲು ಸುದ್ದಿಸಂಸ್ಥೆಗಳಿಗೆ ಹೋದ ಬೆದರಿಕೆಯ ಮಿಂಚಂಚೆಯ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ. ಅವರ ವೈಫೈಯನ್ನು ಬೇರೆ ಯಾರೋ ಬಳಸಿದ್ದರು. ಜಾಲದ ಹೊರಗಿನಿಂದ ನೋಡುವವರಿಗೆ ನಿಮ್ಮ ವೈಫೈಯಲ್ಲಿರುವ ಎಲ್ಲ ಸಾಧನಗಳೂ ನಿಮ್ಮ ಹೆಸರಿನ ಸಂಪರ್ಕದ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ. ಯಾರು ಏನು ಮಾಡಿದರೆಂದು ವಿವರಿಸುವ ಹೊರೆ ಮೊದಲು ಬೀಳುವುದು ಬಿಲ್ಲು ಕಟ್ಟುವವರ ಮೇಲೆ. ಪಕ್ಕದವರು ಸಜ್ಜನರೇ ಇರಬಹುದು. ಆದರೆ ಅವರ ಆಂಡ್ರಾಯ್ಡ್ ಫೋನಿನ ವೈಫೈ ಹಂಚಿಕೆಯ ಕ್ಯೂಆರ್ ಸಂಕೇತ ತೋರಿಸಿದರೆ ಅವರ ಮನೆಗೆ ಬಂದವರಿಗೂ ನಿಮ್ಮ ವೈಫೈ ಸಿಗುತ್ತದೆ, ಅದು ನಿಮಗೆ ತಿಳಿಯುವುದೂ ಇಲ್ಲ.

ಕೊಡಲೇಬೇಕಾದಾಗ ಗೆಸ್ಟ್ ನೆಟ್‌ವರ್ಕ್ ಎಂಬ ಆಯ್ಕೆಯನ್ನು ಬಳಸಿ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇರುತ್ತದೆ, ಮತ್ತು ಅದರಲ್ಲಿರುವವರಿಗೆ ನಿಮ್ಮ ಪ್ರಿಂಟರ್, ಕ್ಯಾಮೆರಾ, ಕಂಪ್ಯೂಟರ್‌ಗಳು ಕಾಣದಂತೆ ಮಾಡಬಹುದು. ನೆಂಟರು ಹೋದ ಮೇಲೆ, ಬಾಡಿಗೆದಾರರು ಖಾಲಿ ಮಾಡಿದ ಮೇಲೆ ಅದನ್ನೊಂದನ್ನೇ ಬದಲಿಸಿದರಾಯಿತು. ಗೇಟಿನ ಕ್ಯಾಮೆರಾವನ್ನು ಮತ್ತೆ ಜೋಡಿಸಲು ಏಣಿ ತರಬೇಕಾಗಿಲ್ಲ. ಹೊಣೆ ಮಾತ್ರ ಗೆಸ್ಟ್ ನೆಟ್‌ವರ್ಕಿನಲ್ಲಿಯೂ ನಿಮ್ಮದೇ.

ವೈಫೈ ಹೆಸರನ್ನು ಮರೆಮಾಡುವುದು, ಮ್ಯಾಕ್ ವಿಳಾಸದ (ಪ್ರತಿ ಸಾಧನವೂ ಜಾಲದಲ್ಲಿ ತನ್ನ ಗುರುತಾಗಿ ತೋರಿಸುವ ಸಂಖ್ಯೆ) ಮೂಲಕ ಒಂದೊಂದೇ ಫೋನನ್ನು ತಡೆಯುವುದು ಸಾಲದೇ ಎಂದೂ ಕೇಳಿದ್ದೀರಿ. ಮರೆಮಾಡಿದ ಹೆಸರನ್ನು ಉಚಿತ ತಂತ್ರಾಂಶಗಳು ಹೊರಗೆಳೆಯುತ್ತವೆ. ಮ್ಯಾಕ್ ವಿಳಾಸವಂತೂ 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದೀಚೆಗೆ ಫೋನುಗಳು ತಾವೇ ಹುಟ್ಟಿಸಿಕೊಳ್ಳುವ ನಕಲಿ ಸಂಖ್ಯೆಯಾಗಿರುವುದರಿಂದ ಆ ತಡೆಯನ್ನು ದಾಟುವುದು ಕಷ್ಟವಲ್ಲ. ಪಾಸ್‌ವರ್ಡ್ ಬದಲಿಸುವುದೇ ಸರಿ.

ಹಾಗೆಂದು ತಿಂಗಳಿಗೊಮ್ಮೆ ಬದಲಿಸುತ್ತಾ ಕೂರುವ ಅಗತ್ಯವೂ ಇಲ್ಲ. ಕಾರಣವಿಲ್ಲದೆ ಅವಧಿಗೊಮ್ಮೆ ಪಾಸ್‌ವರ್ಡ್ ಬದಲಿಸಲು ಬಳಕೆದಾರರನ್ನು ಒತ್ತಾಯಿಸಬೇಡಿ ಎಂದು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲಿಯೇ ಹೇಳಿದೆ; ಹಾಗೆ ಮಾಡಿದಾಗ ಜನ ಹಳೆಯದರ ಕೊನೆಗೆ 1, 2, 3 ಎಂದು ಅಂಕಿ ಸೇರಿಸುತ್ತಾ ಹೋಗುತ್ತಾರೆ. ಬಾಡಿಗೆದಾರರು ಅಥವಾ ಕೆಲಸದವರು ಬಿಟ್ಟುಹೋದಾಗ, ಫೋನು ಕಳೆದುಹೋದಾಗ, ರೌಟರ್ ಹೊಸದಾಗಿ ಬಂದು ಹಾಕಿದವರೇ ಪಾಸ್‌ವರ್ಡ್ ಇಟ್ಟಿರುವಾಗ, ಗುರುತಿಲ್ಲದ ಸಾಧನ ಪಟ್ಟಿಯಲ್ಲಿ ಕಂಡಾಗ ಬದಲಿಸಿ. ನಿಮ್ಮ ವಿಷಯದಲ್ಲಿ ಈಗಲೇ, ಏಕೆಂದರೆ ಪಕ್ಕದ ಮನೆಯವರಿಗೆ ಕೊಟ್ಟಿರುವುದು ಮುಖ್ಯ ಪಾಸ್‌ವರ್ಡ್ ಎಂದು ಪತ್ರದಲ್ಲಿಯೇ ಬರೆದಿದ್ದೀರಿ. ಅದನ್ನು ಬದಲಿಸಿ, ಗೆಸ್ಟ್‌ನದನ್ನು ಅವರಿಗೆ ಕೊಡಿ. ಅವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಬೇಸರಕ್ಕೂ ಕಾರಣವಿರುವುದಿಲ್ಲ.